ಕೆಂಪು ಕಾರಿಗೆ ಎರಡು ತಂಬಿಗೆ ನೀರು

ಕವಲೇದುರ್ಗ, ತೀರ್ಥಹಳ್ಳಿ ತಾಲ್ಲೂಕು
೯ನೇ ಫೆಬ್ರವರಿ ೧೯೬೫, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಸರೋಜಳ ಅಪ್ಪಯ್ಯನಿಗೆ ವರದೆಯ ನಮಸ್ಕಾರಗಳು.

ಹೇಗಿದ್ದೀರಿ? ಕಣ್ಣು ನೋಯುತ್ತದೆಯೋ, ನವೆಯೋ, ಪಟ್ಟಿಯ ಕೆಳಗೆ ನೀರು ಸೋರುತ್ತದೆಯೋ, ಒಂದನ್ನೂ ಬಿಡದೆ ಬರೆಸಿ. ‘ಆರಾಮಿದ್ದೇನೆ’ ಎಂಬ ಒಂದೇ ಮಾತಿನ ಕಾರ್ಡಿನಿಂದ ನನಗೆ ಸಮಾಧಾನವಾಗುವುದಿಲ್ಲ. ಬಲಗಣ್ಣಿನ ಪೊರೆ ತೆಗೆದರೂ ಎರಡು ಕಣ್ಣಿಗೂ ಪಟ್ಟಿ ಕಟ್ಟಿ ಅಂಗಾತ ಮಲಗಿಸಿದ್ದಾರೆ, ತಲೆ ಹೊರಳದಂತೆ ಎರಡು ಪಕ್ಕಕ್ಕೂ ಮರಳಿನ ಚೀಲ ಇಟ್ಟಿದ್ದಾರೆ ಎಂದು ಮೇಷ್ಟ್ರು ಬರೆದಿದ್ದರು. ಕೆಮ್ಮಬಾರದು, ಸೀನಬಾರದು ಎಂದು ಡಾಕ್ಟರು ಹೇಳಿದ್ದಾರಂತೆ. ಹಾಗಿದ್ದರೆ ಟ್ರಂಕಿನಲ್ಲಿ ಪಂಚೆಯ ಮಡಿಕೆಯೊಳಗೆ ಸುತ್ತಿಟ್ಟುಕೊಂಡು ಹೋಗಿದ್ದೀರಲ್ಲ ನಸ್ಯದ ಡಬ್ಬಿ, ಅದನ್ನು ಈಗಲೇ ಮೇಷ್ಟ್ರ ಕೈಗೆ ಕೊಟ್ಟುಬಿಡಿ. ನನಗೆ ಗೊತ್ತಿಲ್ಲ ಎಂದುಕೊಂಡಿದ್ದಿರಾ? ನಾರಾಯಣಮೂರ್ತಿ ಮೇಷ್ಟ್ರೇ, ನಿಮಗೂ ನಮಸ್ಕಾರ. ಒಂದು ಕಾಲದಲ್ಲಿ ಒಂದೇ ಬೆಂಚಿನಲ್ಲಿ ಕೂತವರೆಂಬ ವಿಶ್ವಾಸಕ್ಕೆ ದಿನಾ ಆಸ್ಪತ್ರೆಗೆ ಬಂದು ನಮ್ಮವರಿಗೆ ಪೇಪರು, ಕಾಗದ ಓದಿ ಹೇಳುತ್ತಿದ್ದೀರಿ. ಸಾಗರದಲ್ಲಿ ನೀವಿಲ್ಲದಿದ್ದರೆ ನಾನು ಇಲ್ಲಿ ಒಂದು ತುತ್ತು ಅನ್ನ ನೆಮ್ಮದಿಯಿಂದ ತಿನ್ನುತ್ತಿರಲಿಲ್ಲ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಸ್ವಲ್ಪ ತಾಳ್ಮೆಯಿಂದ ಓದಿ. ನಡುನಡುವೆ ಅವರು ನಕ್ಕರೆ ಓದುವುದನ್ನು ನಿಲ್ಲಿಸಿ. ನಗುವುದಕ್ಕೂ ಡಾಕ್ಟರನ್ನು ಕೇಳಬೇಕೋ ಏನೋ.

ಇನ್ನು ನೀವು ನನಗೆ ವಹಿಸಿ ಹೋದ ಕೆಲಸದ ವಿಷಯ. ಸಾಗರದ ಬಸ್ಸು ಹತ್ತುವ ಮುಂಚೆ ನೀವು ಹೇಳಿದ ಮಾತು ಹಾಗೇ ನೆನಪಿದೆ. ‘ಸುಬ್ಬರಾಯ ಹೊಸ ಕಾರು ತಗಂಡಿದ್ದಾನೆ. ಬೇಬಿನ ತಂಗೆ ಕೊಡಿ ಅಂತಾನೆ. ನೀನು ಅವನ ಕಾರಲ್ಲೊಂದು ಸಾರಿ ಕೂತು ನೋಡು. ಎರಡನ್ನೂ ಹೋಲ್ಸಿ ನಂಗೆ ಬರಿ. ನಿಂಗೆ ಸರಿ ಕಂಡ್ರೆ ಕೊಟ್ಟುಬಿಡು, ನನ್ನ ಕೇಳ್ಬೇಡ.’ ಇಪ್ಪತ್ತಾರು ವರ್ಷದಿಂದ ಮನೆಯಲ್ಲಿರುವ ಬೇಬಿ ಆಸ್ಟಿನ್ ಕಾರು. ನನಗಿಂತ ಒಂದು ವರ್ಷ ಮೊದಲೇ ಈ ಮನೆಗೆ ಬಂದದ್ದು. ಅದನ್ನು ಕೊಡಬೇಕೋ ಬೇಡವೋ ಎಂಬುದನ್ನು ನನ್ನ ತಲೆಗೆ ಕಟ್ಟಿ ನೀವು ಕಿಟಕಿಯ ಪಕ್ಕ ಕೂತು ಹೊರಟುಹೋದಿರಿ. ನನಗೆ ಅಂದು ಸಿಟ್ಟೇ ಬಂದಿತ್ತು. ಆದರೂ ಹೇಳಿದ ಕೆಲಸ ಮಾಡಿದ್ದೇನೆ. ಸುಬ್ಬರಾಯ ಮೊನ್ನೆ ಭಾನುವಾರ ಬಂದಿದ್ದ. ನೋಡಿದ್ದು, ಕೂತದ್ದು, ಅಳತೆ ಮಾಡಿದ್ದು, ಆದ ಅವಾಂತರ, ಎಲ್ಲವನ್ನೂ ಬರೆಯುತ್ತೇನೆ.

ಕೊಪ್ಪದಿಂದ ಎಂಟು ಗಂಟೆಗೆ ಹೊರಟವನು ಹತ್ತಕ್ಕೆಲ್ಲ ನಮ್ಮ ಅಂಗಳದಲ್ಲಿದ್ದ. ಬೇಬಿಯಲ್ಲಿ ನಾವು ಅವನ ಅಮ್ಮ ದುಗ್ಗಮ್ಮ ಅತ್ತಿಗೆಯನ್ನು ನೋಡಲು ಕೊಪ್ಪಕ್ಕೆ ಹೋದಾಗ ಬೆಳಿಗ್ಗೆ ಹೊರಟು ಮಧ್ಯಾಹ್ನದ ಊಟಕ್ಕೆ ಮುಟ್ಟಿದ್ದು ನೆನಪಿದೆಯಷ್ಟೆ? ಕಾರು ಬಂದ ಸದ್ದೇ ಬೇರೆ. ನಮ್ಮದು ಅರ್ಧ ಮೈಲಿಯಿಂದಲೇ ತಗಡು ಬಡಿದ ಹಾಗೆ ಸುದ್ದಿ ಕೊಡುತ್ತದೆ, ಅನ್ನಕ್ಕೆ ನೀರಿಡಲು ಹೊತ್ತು ಸಿಗುತ್ತದೆ. ಇದು ಬೇಲಿಯ ದಣಪೆ ದಾಟುವವರೆಗೂ ಗೊತ್ತಾಗಲಿಲ್ಲ. ಬಣ್ಣ ಹಣ್ಣುಮೆಣಸಿನಕಾಯಿಯ ಕೆಂಪು. ಜರ್ಮನಿಯದು. ಬೊಂಬಾಯಿಯಲ್ಲಿದ್ದ ಯಾರೋ ಜರ್ಮನ್ ಇಂಜಿನಿಯರು ಊರಿಗೆ ಹೋಗುವಾಗ ಇವನು ತೆಗೆದುಕೊಂಡನಂತೆ. ಹೆಸರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಚೀಟಿಯನ್ನು ಸೆರಗಿಗೆ ಕಟ್ಟಿದ್ದೆ, ಸೀರೆ ನಿನ್ನೆ ಒಗೆಯಲು ಹೋಯಿತು. ಆದ್ದರಿಂದ ಕೆಂಪು ಕಾರು ಎಂದೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಅಳತೆ ಹೇಳುತ್ತೇನೆ. ಸುಬ್ಬರಾಯ ಬೆಲ್ಲ ನೀರು ಕುಡಿಯುತ್ತಿದ್ದಾಗ ನಾನು ಹೊರಗೆ ಹೋಗಿ ಎರಡನ್ನೂ ಅಕ್ಕಪಕ್ಕದಲ್ಲಿ ಕೈಯಿಂದಲೇ ಅಳೆದೆ. ನಮ್ಮ ಬೇಬಿ ಉದ್ದಕ್ಕೆ ಆರೂವರೆ ಮೊಳ, ಅದು ಒಂಬತ್ತು ಮೊಳ. ಇಷ್ಟು ಉದ್ದವಿದ್ದರೂ ಆರಾಮಾಗಿ ಕೂರಲು ಜಾಗ ಇಬ್ಬರಿಗೇ. ಹಿಂದೆ ಒಂದು ಸೀಟಿದೆ, ಅದರಲ್ಲಿ ಬೆಕ್ಕು ಮಲಗಬಹುದು. ಬೇಬಿಯಲ್ಲಿ ನಾವು ಎಷ್ಟು ಜನ ಕೂತಿದ್ದೇವೆ ಎಂದು ಸುಬ್ಬರಾಯನಿಗೆ ಹೇಳಲೇ ಇಲ್ಲ, ನಂಬುತ್ತಿರಲಿಲ್ಲ. ಹೊಟ್ಟೆಯಿಂದ ನೆಲಕ್ಕೆ ನಮ್ಮದು ಒಂದು ಗೇಣು, ಅದರದ್ದು ಎಂಟೇ ಬೆರಳು. ಎತ್ತಿನ ಗಾಡಿ ಓಡಾಡಿ ನಡುವೆ ದಿಬ್ಬ ಎದ್ದಿರುವ ನಮ್ಮ ರಸ್ತೆಯಲ್ಲಿ ಅದು ಹೇಗೆ ಬಂತು ಎಂದು ಕೇಳಿದೆ. ಒಂದು ಕಡೆಯ ಚಕ್ರವನ್ನು ದಿಬ್ಬದ ಮೇಲೆಯೇ ಹತ್ತಿಸಿಕೊಂಡು ಓರೆಯಾಗಿ ಬಂದನಂತೆ. ಕೊಟ್ಟಿಗೆ ಕೆಲಸ ಬಿಟ್ಟು ಬಂದ ಗುತ್ಯಪ್ಪ ಕಾರನ್ನು ಸುತ್ತು ಹಾಕಿ ನೋಡಿ, ‘ಪಾಪ, ಸ್ಪ್ರಿಂಗ್ ಕುಂತೋಗಿದೆ ಕಣ್ರಮ್ಮ, ಯಾರೂ ನೋಡ್ಕಂಡಿಲ್ಲ’ ಎಂದ. ಅದು ಹುಟ್ಟಿದ್ದೇ ಹಾಗೆ ಎಂದು ಸುಬ್ಬರಾಯ ಎಷ್ಟು ಹೇಳಿದರೂ ಅವನು ಒಪ್ಪಲಿಲ್ಲ. ಬಾಗಿಲಿನ ವಿಷಯ ಮಾತ್ರ ಹೇಳಲೇಬೇಕು. ಬೆರಳ ತುದಿಯಿಂದ ತಳ್ಳಿದರೆ ಒಳ್ಳೆಯ ಪೆಟ್ಟಿಗೆ ಮುಚ್ಚಿಕೊಂಡ ಹಾಗೆ ಕೂರುತ್ತದೆ. ನಮ್ಮದನ್ನು ಎರಡು ಸಾರಿ ಬಡಿದು ಹಗ್ಗ ಕಟ್ಟಬೇಕು. ನಾನು ಆ ಕೆಂಪು ಬಾಗಿಲನ್ನು ಸುಮ್ಮನೆ ನಾಲ್ಕು ಸಾರಿ ಹಾಕಿ ತೆಗೆದು ಮಾಡಿದೆ.

ಆಮೇಲೆ ಕೂತು ನೋಡಿದೆ. ಒಳಗೆ ಇಳಿಯುವುದೇ ಒಂದು ವಿದ್ಯೆ, ಬಚ್ಚಲ ತೊಟ್ಟಿಯೊಳಗೆ ಕಾಲಿಟ್ಟ ಹಾಗೆ. ಅದರಲ್ಲಿ ಸ್ಟೀರಿಂಗು ಎಡಗಡೆಗೆ. ಹಾಗಾಗಿ ನನ್ನನ್ನು ಬಲಗಡೆ ಕೂರಿಸಿದ. ಬೇಬಿಯಲ್ಲಿ ನೀವು ಕೂರುವ ಜಾಗ, ಮುಂದೆ ಮಾತ್ರ ಚಕ್ರವಿಲ್ಲ. ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ. ಊರಿನ ರಸ್ತೆ ಮುಗಿಯುವವರೆಗೆ ಮೆಲ್ಲಗೆ ಹೋದವನು, ತೀರ್ಥಹಳ್ಳಿಯ ಕಡೆಯ ಟಾರು ಸಿಕ್ಕಿದ ಕೂಡಲೇ ಒಂದೇ ಒಂದು ಸಾರಿ ಕಾಲು ಒತ್ತಿದ. ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತು. ಮುಳ್ಳು ನೋಡಿದರೆ ನೂರು! ಜೀವ ಬಾಯಿಗೆ ಬಂತು. ಅದು ಮೈಲಿಯಲ್ಲ, ಕಿಲೋಮೀಟರು, ಅರವತ್ತೆರಡು ಮೈಲಿ ಅಷ್ಟೆ ಎಂದ. ಅಷ್ಟೆ ಅಂತೆ. ಬೇಬಿ ಇಳಿಜಾರಿನಲ್ಲಿ ಮೂವತ್ತೈದು ಮುಟ್ಟಿದಾಗ ನೀವು ಮೀಸೆ ತಿರುವಿದ್ದನ್ನು ನಾನು ಕಂಡಿದ್ದೇನೆ. ಆದರೆ ಸುಳ್ಳು ಬರೆಯುವುದಿಲ್ಲ, ನನಗೆ ತುಂಬಾ ಖುಷಿಯಾಯಿತು. ಭಯ ಮೊದಲ ತಿರುವಿನವರೆಗೆ ಮಾತ್ರ. ತಿರುವಿನಲ್ಲಿ ಅದು ಬಾಗದೆ, ಜಾರದೆ, ರಸ್ತೆಯನ್ನು ಹಿಡಿದುಕೊಂಡೇ ಹೋಗುತ್ತದೆ. ಬ್ರೇಕು ಹಾಕಿದರೆ ಹಾಕಿದಲ್ಲೇ ನಿಲ್ಲುತ್ತದೆ. ನಮ್ಮದಕ್ಕೆ ಬ್ರೇಕು ಹಾಕಿ, ಅದು ಮನಸ್ಸು ಮಾಡುವವರೆಗೆ ಕಾಯಬೇಕಲ್ಲ. ಇನ್ನೊಂದು ಸಾರಿ ಹಾಗೇ ಬಿಡು ಎಂದು ನಾನೇ ಸುಬ್ಬರಾಯನಿಗೆ ಹೇಳಿದೆ. ಅವನಿಗೆ ಆಶ್ಚರ್ಯವೋ ಆಶ್ಚರ್ಯ.

ಒಂದು ವಿಷಯಕ್ಕೆ ಮಾತ್ರ ಅವನು ನನ್ನನ್ನು ಗೇಲಿ ಮಾಡಿದ. ನಾನು ರೂಢಿಯ ಮೇಲೆ ‘ಎಡಗಡೆ ಗಾಡಿ’, ‘ಮುಂದೆ ಮೋರಿ’, ‘ಎಮ್ಮೆ ಅದೆ, ಎರಡು’ ಎಂದು ಹೇಳುತ್ತಲೇ ಹೋದೆನಂತೆ. ‘ಅತ್ತೆ, ನಂಗೆ ಕಣ್ಣು ಕಾಣ್ತದೆ ಮಾರಾಯ್ರೆ’ ಎಂದು ನಕ್ಕ. ನಾನೂ ನಕ್ಕು ಬಾಯಿ ಮುಚ್ಚಿಕೊಂಡೆ. ಹಾಗೆ ನೋಡಿದರೆ ಹೇಳುವುದಕ್ಕೆ ಅದರಲ್ಲಿ ಹೊತ್ತೇ ಸಿಗುವುದಿಲ್ಲ. ಎಮ್ಮೆ ಎನ್ನುವಷ್ಟರಲ್ಲಿ ಎಮ್ಮೆ ಹಿಂದೆ ಹೋಗಿರುತ್ತದೆ.

ಈಗ ಅವಾಂತರ. ಮೇಷ್ಟ್ರೇ, ಇಲ್ಲಿ ನಿಧಾನವಾಗಿ ಓದಿ. ಹನ್ನೆರಡು ಗಂಟೆಗೆ ಮನೆಗೆ ವಾಪಸು ಬಂದೆವು. ಸುಬ್ಬರಾಯ ಕಾರಿನ ಮುಂದಿನ ಮುಚ್ಚಳ ಎತ್ತಿ ಒಳಗಿನಿಂದ ಒಂದು ಬುಟ್ಟಿ ಕಿತ್ತಳೆ ತೆಗೆದ. ಆ ಕಾರಿನಲ್ಲಿ ಎಂಜಿನು ಹಿಂದೆ, ಸಾಮಾನು ಇಡುವ ಜಾಗ ಮುಂದೆ. ಮುಚ್ಚಳವನ್ನು ಹಾಗೇ ಬಿಟ್ಟು, ಬುಟ್ಟಿ ಹೊತ್ತುಕೊಂಡು, ಕಾಲು ತೊಳೆಯಲು ಒಳಗೆ ಹೋದ. ನಾನು ಬಗ್ಗಿ ನೋಡಿದೆ. ಒಳಗೆ ಒಂದು ದುಂಡನೆಯ ಬಿರಡೆ, ನಮ್ಮ ಬೇಬಿಯ ಮೂತಿಯ ಮೇಲಿರುವುದಕ್ಕಿಂತ ಸ್ವಲ್ಪ ದೊಡ್ಡದು. ಹಿಂದುಗಡೆಯಿಂದ ಎಂಜಿನು ಆರುತ್ತಾ ಟಿಕ್ ಟಿಕ್ ಅನ್ನುತ್ತಿತ್ತು. ಇಪ್ಪತ್ತೈದು ವರ್ಷದಿಂದ ನೀವು ಅಂಗಳಕ್ಕೆ ಬಂದ ಕೂಡಲೇ ಕೂಗುವುದು ಏನು? ‘ವರದಾ, ಮೊದ್ಲು ಬೇಬಿಗೆ!’ ಮನುಷ್ಯರಿಗೆ ಬೆಲ್ಲ ನೀರು ಆಮೇಲೆ, ಏರು ಹತ್ತಿ ಕುದಿಯುತ್ತಾ ಬಂದ ಕಾರಿಗೆ ನೀರು ಮೊದಲು. ಈ ಮನೆಯಲ್ಲಿ ಅದೇ ನಡೆದುಕೊಂಡು ಬಂದ ಪದ್ಧತಿ. ಬಂದವರ ಕಾರನ್ನು ಬಾಯಾರಿಸಿ ನಿಲ್ಲಿಸಿ ನಾವು ಊಟಕ್ಕೆ ಕೂರುವುದೇ? ಗುತ್ಯಪ್ಪನಿಗೆ ಹೇಳಿ ನೀರು ತರಿಸಿದೆ. ಬಿರಡೆ ಬಿಚ್ಚಿ ಎರಡು ತಂಬಿಗೆ ಹೊಯ್ದೆ. ಎಂಜಿನು ಹಿಂದಿದ್ದರೆ ನೀರು ಮುಂದೇಕೆ ಎಂಬ ಪ್ರಶ್ನೆ ಬಂತು, ಬರಲಿಲ್ಲವೆಂದಲ್ಲ. ಬಾಯಿ ಮುಂದೆ, ಹೊಟ್ಟೆ ಹಿಂದೆ ಇರುವುದು ಎಲ್ಲ ಪ್ರಾಣಿಗಳಿಗೂ ಇದ್ದದ್ದೇ ಎಂದುಕೊಂಡೆ. ಮೂರು ದಿನದಿಂದ ನೆಗಡಿ ಬೇರೆ, ಮೂಗಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಬಿರಡೆ ಬಿಗಿ ಮಾಡಿ, ಮುಚ್ಚಳ ಹಾಕಿ, ಬಂದು ಎಲೆ ಹಾಕಿದೆ.

ಊಟ ಮಾಡುತ್ತಾ ಸುಬ್ಬರಾಯ ಬೇಬಿಯ ಮಾತೆತ್ತಿದ. ಕೊಪ್ಪದ ಬಂಗಲೆಯ ಎದುರು ಅದಕ್ಕೆಂದೇ ಒಂದು ಚಪ್ಪರ ಹಾಕಿಸಿ, ಹೊಸ ಬಣ್ಣ ಬಳಿಸಿ, ಬಂದವರಿಗೆಲ್ಲ ತೋರಿಸುತ್ತಾನಂತೆ. ಬೆಂಗಳೂರಿನಲ್ಲಿ ಹಳೆಯ ಕಾರುಗಳನ್ನು ಸಾಲಾಗಿ ನಿಲ್ಲಿಸಿ ಬಹುಮಾನ ಕೊಡುವವರಿದ್ದಾರಂತೆ, ಅಲ್ಲಿಗೂ ಒಯ್ಯುತ್ತಾನಂತೆ. ‘ಮಾವ ಇನ್ನು ಓಡ್ಸೋ ಹಾಗಿಲ್ಲ ಅತ್ತೆ. ಆಪರೇಷನ್ ಆದ ಕಣ್ಣು. ಇಲ್ಲಿದ್ರೆ ಸುಮ್ನೆ ತುಕ್ಕು ಹಿಡೀತದೆ. ನಿಮಗೆಲ್ಲಾದ್ರೂ ಹೋಗ್ಬೇಕಾದ್ರೆ ಒಂದು ಕಾರ್ಡ್ ಹಾಕಿ, ಜೀಪು ಕಳಿಸ್ತೀನಿ.’ ಹುಡುಗನ ಮಾತಿನಲ್ಲಿ ಕಪಟವಿಲ್ಲ. ನಿಮ್ಮ ಮೇಲೆ ಅವನಿಗೆ ಪ್ರೀತಿಯೂ ಇದೆ. ಚಿಕ್ಕವನಿದ್ದಾಗ ಬೇಬಿಯ ಹಾರನ್ನು ಒತ್ತಿ ಒತ್ತಿ ಹಾಳು ಮಾಡಿದ್ದಕ್ಕೆ ನೀವು ಬೈಯಲಿಲ್ಲವೆಂದು ಈಗಲೂ ಹೇಳುತ್ತಾನೆ. ಬರುವ ಸೋಮವಾರ, ಹದಿನೈದಕ್ಕೆ, ಬೇಬಿಯನ್ನು ಒಯ್ಯಲು ಅವನ ಡ್ರೈವರ್ ಬರುವುದೆಂದು ಗೊತ್ತು ಮಾಡಿಕೊಂಡೇ ಬಂದಿದ್ದ. ನಾನು ಅವನ ಎಲೆಗೆ ಇನ್ನೂ ಸ್ವಲ್ಪ ಸಾರು ಬಡಿಸಿದೆ.

ಮರುದಿನ ಹನ್ನೊಂದಕ್ಕೆ ಚಿಕ್ಕಮಗಳೂರಿನ ಕೋರ್ಟಿನಲ್ಲಿ ವಾಯಿದೆ ಇದೆಯೆಂದು ಎರಡು ಗಂಟೆಗೇ ಹೊರಟ. ದಣಪೆ ದಾಟಿ, ತೊರೆಯ ಹತ್ತಿರದ ಏರು ಹತ್ತುತ್ತಿದ್ದ ಹಾಗೆ ಕಾರು ಎರಡು ಸಾರಿ ಕೆಮ್ಮಿ ಸುಮ್ಮನಾಯಿತು. ಸುಬ್ಬರಾಯ ಹಿಂದಿನ ಮುಚ್ಚಳ ಎತ್ತಿ ಅರ್ಧ ಗಂಟೆ ಅದು ಬಿಚ್ಚಿದ, ಇದು ಒರೆಸಿದ. ಬಿಳಿಯ ಅಂಗಿ ಕರಿಯದಾಯಿತು. ಕೊನೆಗೆ ಗುತ್ಯಪ್ಪ ನಮ್ಮ ಕೋಣಗಳನ್ನು ಹೊಡೆದುಕೊಂಡು ಹೋಗಿ, ನೊಗಕ್ಕೆ ಹಗ್ಗ ಬಿಗಿದು, ಆ ನೂರು ಓಡುವ ಕಾರನ್ನು ಎಳೆಸಿಕೊಂಡು ಅಂಗಳಕ್ಕೆ ತಂದ. ಕೋಣಗಳಿಗೆ ಅದೇನೂ ದೊಡ್ಡದಾಗಿ ಕಾಣಲಿಲ್ಲ. ಆಗ ಗುತ್ಯಪ್ಪನೇ ಎಲ್ಲರ ಮುಂದೆ ಅಂದ: ‘ಎಂತಕ್ಕೆ ನಿಲ್ತೋ ಏನೋ. ಅಮ್ಮ ಈಗಷ್ಟೆ ಎರಡು ತಂಬಿಗೆ ನೀರು ಕೊಟ್ಟಿದ್ರಲ್ಲ!’ ಸುಬ್ಬರಾಯ ಎಲ್ಲಿಗೆ ಎಂದು ಕೇಳಿದ. ನಾನು ಬಿರಡೆ ತೋರಿಸಿದೆ. ಅವನು ಅಂಗಳದಲ್ಲೇ ತಲೆ ಮೇಲೆ ಕೈಹೊತ್ತು ಕೂತ. ಅದು ಪೆಟ್ರೋಲು ಹಾಕುವ ಬಾಯಿಯಂತೆ. ಆ ಎಂಜಿನಿಗೆ ನೀರೇ ಬೇಡವಂತೆ, ಗಾಳಿಯಿಂದಲೇ ಆರುತ್ತದಂತೆ. ನೀರು ಬೇಡದ ಕಾರು ಇರಬಹುದೆಂದು ನನಗೆ ಯಾರು ಹೇಳಿದ್ದರು? ನಾಚಿಕೆಯಿಂದ ನನ್ನ ಮುಖ ಆ ಕಾರಿನ ಬಣ್ಣಕ್ಕೆ ತಿರುಗಿರಬೇಕು. ಅವನು ಒಂದು ಮಾತು ಬೈದಿದ್ದರೆ ಹಗುರವಾಗುತ್ತಿತ್ತು, ಬೈಯಲೂ ಇಲ್ಲ.

ತೀರ್ಥಹಳ್ಳಿಯಿಂದ ಮೆಕ್ಯಾನಿಕ್ ಕೆರಿಯಪ್ಪನನ್ನು ಕರೆತರದೆ ಬೇರೆ ದಾರಿಯಿರಲಿಲ್ಲ. ಹನ್ನೆರಡು ಮೈಲಿ. ಬಸ್ಸು ಹೋಗಿಯಾಗಿತ್ತು. ಉಳಿದದ್ದು ಬೇಬಿ. ಸುಬ್ಬರಾಯ ಉತ್ಸಾಹದಿಂದಲೇ ಹೋಗಿ ಮೂತಿಗೆ ಹ್ಯಾಂಡಲ್ ಹಾಕಿ ತಿರುಗಿಸಿದ. ಹೆಬ್ಬೆರಳನ್ನು ಹ್ಯಾಂಡಲಿನ ಸುತ್ತ ಹಾಕಬಾರದೆಂದು ಅವನಿಗೆ ತಿಳಿಯದು. ಅದು ಒಂದು ಒದೆ ಕೊಟ್ಟಿತು, ಮಣಿಕಟ್ಟು ಊದಿಕೊಂಡಿತು. ಗುತ್ಯಪ್ಪ ಸ್ಟಾರ್ಟ್ ಮಾಡಿಕೊಟ್ಟ. ಆಮೇಲೆ ಕ್ಲಚ್ಚು. ಬೇಬಿಯ ಕ್ಲಚ್ಚು ಅರ್ಧ ಅಂಗುಲದೊಳಗೆ ಹಿಡಿಯುತ್ತದೆ, ಬಿಡುತ್ತದೆ, ಅದು ಕಾಲಿಗೆ ಗೊತ್ತಿರಬೇಕು. ನೂರರಲ್ಲಿ ಕಾರು ಬಿಡುವವನು ಅಂಗಳದಲ್ಲೇ ಆರು ಸಾರಿ ಕಪ್ಪೆ ಹಾರಿದ ಹಾಗೆ ಹಾರಿ ಆರು ಸಾರಿ ನಿಂತ. ಬೇಲಿಯ ಆಚೆ ಜನ ಸೇರಿದ್ದರು. ಅವನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ತಪ್ಪು ಮಾಡಿದವಳು ನಾನು. ಸೆರಗು ಸೊಂಟಕ್ಕೆ ಸಿಕ್ಕಿಸಿ, ‘ಏಳಪ್ಪ, ಆಚೆ ಹೋಗು’ ಎಂದು ಅವನನ್ನು ಎಡಗಡೆಗೆ ಕಳಿಸಿ ಬಲಗಡೆ ಹತ್ತಿ ಕೂತೆ.

ಹೌದು, ಓಡಿಸಿದ್ದು ನಾನು. ಮೇಷ್ಟ್ರೇ, ಇದನ್ನು ಗಟ್ಟಿಯಾಗಿಯೇ ಓದಿ. ಒಂದು ಸಾರಿಯೂ ನಿಲ್ಲಲಿಲ್ಲ. ತೊರೆಯ ಏರನ್ನು ಮೊದಲ ಗೇರಿನಲ್ಲಿ ಹತ್ತಿದೆ. ಮುಂದೆ ಎದುರಿಗೆ ಒಂದು ಲಾರಿ ಬಂತು, ಪಕ್ಕಕ್ಕೆ ಇಳಿಸಿ ದಾರಿ ಬಿಟ್ಟೆ. ಬೇಬಿ ದಾರಿಯಲ್ಲಿ ಎರಡು ಸಾರಿ ನೀರು ಕೇಳಿತು, ಎರಡು ಸಾರಿಯೂ ಸುಬ್ಬರಾಯನೇ ಇಳಿದು ಹಳ್ಳದಿಂದ ತಂದು ಹೊಯ್ದ, ಸರಿಯಾದ ಬಾಯಿಗೆ. ‘ಹೂವಯ್ಯಗೌಡ್ರ ಕಾರು ಹೆಂಗಸು ಬಿಡ್ತದೆ ಕಣ್ರೋ’ ಎಂದು ಯಾರೋ ಕೂಗಿದ್ದು ಕೇಳಿಸಿತು. ತೀರ್ಥಹಳ್ಳಿ ಪೇಟೆಯೊಳಗೆ ನುಗ್ಗಲಿಲ್ಲ. ಲೈಸೆನ್ಸಿಲ್ಲದವಳು, ಪೊಲೀಸರ ಕಣ್ಣಿಗೆ ಏಕೆ ಬೀಳಬೇಕು? ಊರ ಹೊರಗೆ ಒಂದು ಮರದಡಿ ನಿಲ್ಲಿಸಿ ಕೂತೆ. ಸುಬ್ಬರಾಯ ನಡೆದು ಹೋಗಿ ಕೆರಿಯಪ್ಪನನ್ನು ಮನೆಯಿಂದ ಎಬ್ಬಿಸಿಕೊಂಡು ಬಂದ. ಮೂವರೂ ಬೇಬಿಯಲ್ಲೇ ಮನೆಗೆ ವಾಪಸು ಬಂದ ಮೇಲೆ ಕೆರಿಯಪ್ಪ ಟ್ಯಾಂಕಿನಲ್ಲಿದ್ದುದನ್ನೆಲ್ಲ ಡಬ್ಬಕ್ಕಿಳಿಸಿ, ಚರ್ಮದ ತುಂಡಿನಲ್ಲಿ ಸೋಸಿ, ಕೊಳವೆಗಳನ್ನು ಊದಿ ಒಣಗಿಸಿ ಮತ್ತೆ ಹೊಯ್ದ. ‘ಅಮ್ಮಾ, ಈ ಜಾತಿ ಕಾರಿಗೆ ಬಾಯಾರಿಕೆನೇ ಆಗಲ್ಲ’ ಎಂದ. ದೀಪ ಹಚ್ಚುವ ಹೊತ್ತಿಗೆ ಕೆಂಪು ಕಾರು ಮತ್ತೆ ಗುರ್ ಎಂದಿತು. ಕೆರಿಯಪ್ಪನನ್ನೂ ಕೂರಿಸಿಕೊಂಡು ಸುಬ್ಬರಾಯ ಹೊರಟ.

ಹೊರಡುವಾಗ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ, ‘ಅತ್ತೆ, ಇದು ಯಾವಾಗ ಕಲಿತ್ರಿ?’ ಎಂದು ಕೇಳಿದ. ಪಕ್ಕದಲ್ಲಿ ಕೂತು ನೋಡಿ ನೋಡಿ ಬಂತು ಎಂದೆ. ಇನ್ನು ನೀವು ಕೇಳಿದ ಹೋಲಿಕೆ. ವೇಗ, ಬ್ರೇಕು, ಬಾಗಿಲು, ಸೀಟು, ಎಲ್ಲದರಲ್ಲೂ ಕೆಂಪು ಕಾರಿನದೇ ಮೇಲುಗೈ. ಅದನ್ನು ಮಾಡಿದವರು ಬುದ್ಧಿವಂತರು. ಬೇಬಿ ಕುದಿಯುತ್ತದೆ, ಕುಣಿಯುತ್ತದೆ, ಹೊಗೆ ಬಿಡುತ್ತದೆ. ಆದರೆ ನಮ್ಮ ರಸ್ತೆಯ ದಿಬ್ಬ ಅದಕ್ಕೆ ತಾಗುವುದಿಲ್ಲ. ಬೋಲ್ಟು ಕಳಚಿದರೆ, ತಂತಿ ಹರಿದರೆ ಮನೆಯಲ್ಲಿದ್ದುದರಲ್ಲೇ ಕಟ್ಟಿಕೊಂಡು ಹೊರಡಬಹುದು. ಇನ್ನೊಂದು, ಕೆಂಪು ಕಾರು ಓಡಿಸಲು ಒಬ್ಬನೇ ಸಾಕು, ಪಕ್ಕದವರಿಗೆ ಮಾಡಲು ಏನೂ ಕೆಲಸವಿಲ್ಲ. ಇಷ್ಟು ನೋಡಿ ನಾನು ಒಂದು ತೀರ್ಮಾನ ಮಾಡಿದ್ದೇನೆ. ಸುಬ್ಬರಾಯನಿಗೆ ಇವತ್ತೇ ಬೇರೆ ಕಾರ್ಡು ಹೋಗುತ್ತಿದೆ. ನಿಮಗೆ ಮಾತ್ರ ಹಾಳೆಯ ಕೊನೆಯಲ್ಲಿ ಬರೆಯುತ್ತೇನೆ.

ಸರೋಜ ಮತ್ತು ಮಗು ಚೆನ್ನಾಗಿದ್ದಾರೆಂದು ಕಾಗದ ಬಂದಿದೆ. ಹೊತ್ತಿಗೆ ಸರಿಯಾಗಿ ಮದ್ದು ಹಾಕಿಸಿಕೊಳ್ಳಿ, ಮಲಗಿದಲ್ಲೇ ಬೇಜಾರೆಂದು ದಾದಿಯರ ಮೇಲೆ ರೇಗಬೇಡಿ. ದುರ್ಗದ ದೇವರಿಗೆ ನಿಮ್ಮ ಹೆಸರಿನಲ್ಲಿ ಕಾಯಿ ಒಡೆಸಿದ್ದೇನೆ. ಮೇಷ್ಟ್ರ ಮನೆಯವರಿಗೆಲ್ಲ ನನ್ನ ನೆನಪುಗಳನ್ನು ತಿಳಿಸಿ.

ನಿಮ್ಮ
ವರದಮ್ಮ

ಮೇಷ್ಟ್ರೇ, ನಿಮ್ಮ ಓದು ಇಲ್ಲಿಗೆ ಮುಗಿಯಿತು. ಕೆಳಗಿನ ತುಂಡನ್ನು ಮಡಚಿ ಅನ್ನದ ಅಗುಳಿನಿಂದ ಅಂಟಿಸಿದ್ದೇನೆ. ಕನ್ನಡಕ ಕೊಟ್ಟ ದಿನ ಅವರ ಕೈಗೆ ಕೊಡಿ. ಕನ್ನಡಕ ಹಾಕಿಯೂ ಅವರಿಗೆ ಓದಲಾಗದಿದ್ದರೆ, ದಯವಿಟ್ಟು ನೀವು ಬಿಚ್ಚಬೇಡಿ. ಹಾಗೇ ಅವರ ಜೇಬಿಗೆ ಹಾಕಿ ತೀರ್ಥಹಳ್ಳಿಯ ಬಸ್ಸು ಹತ್ತಿಸಿ. ಓದಿ ಹೇಳಲು ನಾನಿದ್ದೇನೆ.

ಮತ್ತೆ ಬರೆದದ್ದು:

ಟಪಾಲಿಗೆ ಹೊತ್ತಾಯಿತು, ಗುತ್ಯಪ್ಪ ಬಾಗಿಲಲ್ಲಿ ನಿಂತಿದ್ದಾನೆ. ನಿಮಗಾಗಿ ದೊಡ್ಡ ಅಕ್ಷರದಲ್ಲಿ, ಸಾಲು ಬಿಟ್ಟು ಸಾಲು ಬರೆಯುತ್ತಿದ್ದೇನೆ. ನಿಮಗೆ ಕಣ್ಣು ಕಾಣುತ್ತಿಲ್ಲವೆಂದು ನನಗೆ ಎರಡು ವರ್ಷದಿಂದ ಗೊತ್ತು. ನನಗೆ ಗೊತ್ತೆಂದು ನಿಮಗೂ ಗೊತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಹೊಸನಗರದಿಂದ ಬರುವಾಗ ಹುಲ್ಲಿನ ಗಾಡಿಯೊಂದು ಕಣ್ಣ ಮುಂದೆಯೇ ಇದ್ದರೂ ನೀವು ನೇರ ಅದರ ಮೇಲೇ ಬಿಟ್ಟಿರಿ, ನಾನು ಪಕ್ಕದಿಂದ ಚಕ್ರ ಎಳೆದೆ. ನೀವು ರೇಗಲಿಲ್ಲ. ಒಂದು ಫರ್ಲಾಂಗು ಹೋದ ಮೇಲೆ, ಸುಮ್ಮನೆ ಮಾತಿಗೆ ಕೇಳಿದ ಹಾಗೆ, ‘ಮುಂದೆ ಎಂತ ಬರ್ತಾ ಅದೆ?’ ಎಂದಿರಿ. ನಾನು ಹೇಳಿದೆ. ಅಂದಿನಿಂದ ಕೈಕಾಲು ನಿಮ್ಮದು, ಕಣ್ಣು ನನ್ನದು. ಸರೋಜಳನ್ನು ಹೆರಿಗೆಗೆ ಕರೆದುಕೊಂಡು ಹೋದದ್ದೂ ಹಾಗೆಯೇ. ಯಾರಾದರೂ ಅಡ್ಡ ಬಂದಿದ್ದರೆ ಏನು ಗತಿಯಾಗುತ್ತಿತ್ತು? ತಪ್ಪು ನಿಮ್ಮೊಬ್ಬರದಲ್ಲ, ನನ್ನದೂ. ಇನ್ನು ಮುಂದೆ ಹಾಗೆ ಮಾಡುವುದು ಬೇಡ.

ಹೋದ ವರ್ಷ ಕೊಯ್ದ ಗದ್ದೆಯಲ್ಲಿ ತಮಾಷೆಗೆಂದು ನನ್ನನ್ನು ಬಲಗಡೆ ಕೂರಿಸಿ ಕ್ಲಚ್ಚು ಕಲಿಸಿದಿರಲ್ಲ, ಅದು ತಮಾಷೆಯಾಗಿರಲಿಲ್ಲ ಎಂದು ಭಾನುವಾರ ತಿಳಿಯಿತು. ಬೇಬಿಯನ್ನು ಕೊಟ್ಟುಬಿಡು ಎಂದದ್ದು ಏಕೆಂದೂ ತಿಳಿಯಿತು. ಆಪರೇಷನ್ ಆಗಿಯೂ ಕಣ್ಣು ಬಾರದಿದ್ದರೆ, ಮನೆಯಲ್ಲಿ ಕಾರಿದ್ದೂ ಗೌಡರು ಓಡಿಸುವುದಿಲ್ಲವೇಕೆ ಎಂದು ಜನ ಕೇಳುತ್ತಾರೆ. ಕಾರೇ ಇಲ್ಲದಿದ್ದರೆ ಯಾರೂ ಕೇಳುವುದಿಲ್ಲ. ಹೌದು ತಾನೇ? ಆ ಮರದಡಿ ಕೂತಾಗ ಇದು ಹೊಳೆದು ನನಗೆ ಅಳು ಬಂತು, ಒಬ್ಬಳೇ ಅತ್ತೆ. ನನ್ನ ಹತ್ತಿರ ಹೇಳಿಕೊಳ್ಳುವುದಕ್ಕೂ ನಿಮಗೆ ನಾಚಿಕೆಯಾಯಿತೇ?

ಬೇಬಿಯನ್ನು ಕೊಡುವುದಿಲ್ಲ. ಡ್ರೈವರ್ ಕಳಿಸಬೇಡ, ಬದಲಿಗೆ ಶಿವಮೊಗ್ಗದಿಂದ ನನ್ನ ಹೆಸರಿಗೆ ಲೈಸೆನ್ಸಿನ ಅರ್ಜಿ ತರಿಸಿ ಕಳಿಸು ಎಂದು ಸುಬ್ಬರಾಯನಿಗೆ ಬರೆದಿದ್ದೇನೆ. ನೀವು ಬರುವುದರೊಳಗೆ ಪರೀಕ್ಷೆ ಕೊಡುತ್ತೇನೆ. ನೀವು ಬಸ್ಸಿನಿಂದ ಇಳಿಯುವ ದಿನ ತೀರ್ಥಹಳ್ಳಿ ಪೇಟೆಯ ಒಳಗೇ ಕಾರು ತಂದು ನಿಲ್ಲಿಸುತ್ತೇನೆ, ಯಾರು ಬೇಕಾದರೂ ನೋಡಲಿ. ಈ ಸಾಲನ್ನು ನೀವೇ ಓದುತ್ತಿದ್ದರೆ ಕಣ್ಣು ಬಂದಿದೆ, ನನಗೆ ಅದಕ್ಕಿಂತ ಇನ್ನೇನೂ ಬೇಡ. ನಾನು ಓದಿ ಹೇಳುತ್ತಿದ್ದರೆ, ಈಗ ನಾವಿಬ್ಬರೂ ಬೇಬಿಯಲ್ಲೇ ಕೂತಿದ್ದೇವೆ, ನೀವು ಎಡಗಡೆ, ನಾನು ಬಲಗಡೆ.